ಮಾಡೆಲ್ ಲಾರಿ ಇಟ್ಟಿಗೆ ಹೊತ್ತರೆ ನಿಜವಾದ ಲಾರಿಯೂ ಓವರ್‌ಲೋಡ್ ತಡೆಯುತ್ತದೆಯೇ?

ಕೆಂಚಾರ್ಲಹಳ್ಳಿಯಿಂದ ಚಿಂತಾಮಣಿಗೆ ಟೊಮೇಟೊ ಸಾಗಿಸುವ ಲಾರಿಯೊಂದರ 1:24 ಅಳತೆಯ ಮಾಡೆಲನ್ನು ನೀವು ಮಾಡಿದ್ದೀರಿ ಎಂದುಕೊಳ್ಳಿ. 24 ಅಡಿಯ ಲಾರಿ 1 ಅಡಿಗೆ ಇಳಿಯಿತು. ಹಾಗಾದರೆ ತೂಕವೂ 24ರಲ್ಲಿ ಒಂದು ಪಾಲೇ?

ಅಲ್ಲ. ಉದ್ದ, ಅಗಲ, ಎತ್ತರ ಮೂರೂ ತಗ್ಗುವುದರಿಂದ, ಅದೇ ಕಬ್ಬಿಣದಲ್ಲಿ ಮಾಡಿದರೂ ತೂಕ 24×24×24, ಅಂದರೆ 13,824 ಪಟ್ಟು ಇಳಿಯುತ್ತದೆ. ಆದರೆ ಚಾಸಿ, ಆಕ್ಸಲ್‌ಗಳು ಭಾರ ತಡೆಯುವ ಶಕ್ತಿ ಇಳಿಯುವುದು 24×24, ಅಂದರೆ 576 ಪಟ್ಟು ಮಾತ್ರ. ಹಾಗಾಗಿ ತನ್ನ ತೂಕಕ್ಕೆ ಹೋಲಿಸಿದರೆ ಪುಟ್ಟ ಲಾರಿಯೇ 24 ಪಟ್ಟು ಗಟ್ಟಿ! ಗಾತ್ರ ಬದಲಾದರೆ ಬಲದ ಲೆಕ್ಕವೂ ಬದಲಾಗುತ್ತದೆ ಎಂದು ಗೆಲಿಲಿಯೋ 1638ರಲ್ಲೇ ವಿವರಿಸಿದ್ದ.

ಆರು ಚಕ್ರದ ಲಾರಿಗೆ ಸರಕು ಸೇರಿ ಇರುವ ಮಿತಿ 18.5 ಟನ್. ಮಾಡೆಲ್ ಲೆಕ್ಕದಲ್ಲಿ ಅದು ಸುಮಾರು 1.3 ಕೆಜಿ ಅಷ್ಟೇ. ಮೂರು ಕೆಜಿಯ ಒಂದು ಇಟ್ಟಿಗೆ ಇಟ್ಟರೂ ಅದು ಓವರ್‌ಲೋಡ್! ಆದರೂ ಮಾಡೆಲ್ ಮುರಿಯುವುದಿಲ್ಲ.

ದೊಡ್ಡ ಲಾರಿಗೆ ಈ ಅನುಕೂಲವಿಲ್ಲ. ಭಾರ ಹೆಚ್ಚಾದರೆ ಬ್ರೇಕ್ ಹಾಕಿದರೂ ಬೇಗ ನಿಲ್ಲುವುದಿಲ್ಲ, ಟೈರ್ ಸಿಡಿಯಬಹುದು. ಮೋಟಾರು ವಾಹನ ಕಾಯ್ದೆಯಡಿ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಟನ್‌ಗೆ 2,000 ರೂಪಾಯಿ ದಂಡವೂ ಇದೆ.

ಮಾಡೆಲ್ ಲಾರಿಯ ವಿಡಿಯೋ ನೋಡಿ ಖುಷಿಪಡಿ. ‘ಓವರ್‌ಲೋಡ್ ಮಾಡಿದರೆ ಏನೂ ಆಗಲ್ಲ’ ಎಂದು ಬರೆದು ಫಾರ್ವರ್ಡ್ ಮಾಡಬೇಡಿ.