ಬಿಸಾಡಿದ ಬ್ಲೇಡು

ಹೋದ ಭಾನುವಾರ ಬೆಳಿಗ್ಗೆ ಮಗ ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಕೆನ್ನೆ ಸವರಿಕೊಳ್ಳುತ್ತಿದ್ದ. ಪಿಯುಸಿಗೆ ಬಂದಿದ್ದಾನೆ, ಮೇಲ್ತುಟಿ ಕಪ್ಪಾಗಿದೆ. "ಅಪ್ಪಾ, ನಿನ್ನ ರೇಜರ್ ಒಮ್ಮೆ ಕೊಡ್ತೀಯಾ?" ಎಂದ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ಕಿನದಲ್ಲ, ನನ್ನದೇ ಬೇಕಂತೆ. ನನ್ನದೆಂದರೆ ಅಪ್ಪಯ್ಯನ ಕಾಲದ್ದು: ಹಿಡಿ, ಹಲ್ಲಿನ ತಟ್ಟೆ, ಮುಚ್ಚಳ, ಹೀಗೆ ಮೂರು ತುಂಡು. ನಡುವೆ ಎರಡೂ ಕಡೆ ಅಲಗಿರುವ ಬ್ಲೇಡು. "ಕೊಡ್ತೇನೆ. ಆದರೆ ಮೊದಲು ನನ್ನ ಕತೆ ಕೇಳು" ಎಂದು ಕೂರಿಸಿಕೊಂಡೆ.

ಹೆಬಳೆಯ ನಮ್ಮ ಮನೆಯಲ್ಲಿ ನಾನು ಈ ರೇಜರನ್ನು ಮೊದಲು ಮುಟ್ಟಿದ್ದು ಕದ್ದು. ಎಸ್ಸೆಸ್ಸೆಲ್ಸಿ ಮುಗಿದ ರಜೆ. ಅಪ್ಪಯ್ಯ ಪೇಟೆಗೆ ಹೋದದ್ದೇ ತಡ, ಮೂರೂ ತುಂಡು ಬಿಚ್ಚಿ, ಬ್ಲೇಡು ಹಾಕಿ, ತಿರುಗಿಸಿ ಬಿಗಿ ಮಾಡಿದೆ. ಹಲ್ಲಿನ ತಟ್ಟೆಯನ್ನು ತಲೆಕೆಳಗಾಗಿ ಹಾಕಿದ್ದೇನೆಂದು ಗೊತ್ತಾಗಲಿಲ್ಲ. ಸರಿಯಾಗಿ ಕೂರಿಸಿದರೆ ಬ್ಲೇಡು ಸ್ವಲ್ಪ ಬಾಗಿ ನಿಲ್ಲುತ್ತದೆ, ಅಲಗಿನ ಅಂಚು ಮಾತ್ರ ಹೊರಗೆ ಇಣುಕುತ್ತದೆ. 'ಸೇಫ್ಟಿ' ಇರುವುದು ಅಷ್ಟರಲ್ಲೇ. ನಾನು ಆ ಸೇಫ್ಟಿಯನ್ನೇ ತೆಗೆದುಹಾಕಿದ್ದೆ! ಗಲ್ಲದ ಕೆಳಗೆ ಒಂದೇ ಎಳೆತ. ಬಿಳಿ ನೊರೆ ಕೆಂಪಾಯಿತು.

ಸಂಜೆ ಅಪ್ಪಯ್ಯ ಬಂದಾಗ ನನ್ನ ಗಲ್ಲಕ್ಕೆ ಪೇಪರಿನ ಮೂರು ಚೂರು ಅಂಟಿದ್ದವು. ಬಯ್ಯಲಿಲ್ಲ. ಪಟಿಕದ ಕಲ್ಲನ್ನು ನೀರಿನಲ್ಲಿ ಅದ್ದಿ ಗಾಯಕ್ಕೆ ಉಜ್ಜಿದರು. ಆ ಉರಿ ಇಂದಿಗೂ ನೆನಪಿದೆ. ಪಟಿಕ ಚರ್ಮವನ್ನು ಬಿಗಿಮಾಡಿ, ಗಾಯದ ಬಾಯಲ್ಲಿ ರಕ್ತವನ್ನು ಗಟ್ಟಿಯಾಗಿಸುತ್ತದೆ. ಸಣ್ಣ ಗೀರಿಗೆ ಅದೇ ಸಾಕು. ಆಮೇಲೆ ಹೇಳಿದರು: "ರೇಜರಿಗೆ ಅದರದ್ದೇ ತೂಕ ಉಂಟು. ನಿನ್ನ ಕೈಯ ಭಾರ ಹಾಕಬೇಡ."

ಮಾತು ಕೇಳಿಸಿಕೊಂಡೆ, ಪಾಲಿಸಲಿಲ್ಲ. ನೆಂಟರ ಮದುವೆಯ ದಿನ ಕೆನ್ನೆ ಗಾಜಿನಂತಾಗಬೇಕೆಂದು ಕೂದಲು ಬೆಳೆಯುವ ದಿಕ್ಕಿಗೆ ಎದುರಾಗಿ ಒತ್ತಿ ಒತ್ತಿ ಎಳೆದೆ. ಮಂಟಪ ತಲುಪುವಷ್ಟರಲ್ಲಿ ಕತ್ತಿನ ತುಂಬ ಕೆಂಪು ಗುಳ್ಳೆ. "ನಿಮ್ಮಲ್ಲಿ ಸೊಳ್ಳೆ ಜೋರಾ?" ಎಂದು ಕೇಳದವರಿಲ್ಲ.

ಮುಂದಿನದು ಉಳಿತಾಯದ ಪ್ರಯೋಗ. ನಮ್ಮದು ಕಡಲ ದಂಡೆ, ತೆಂಗಿನಗುಂಡಿ ಬಂದರು ದೂರವಿಲ್ಲ. ಉಪ್ಪುಗಾಳಿಗೆ ಕಿಟಕಿಯ ಸರಳೇ ಉಳಿಯುವುದಿಲ್ಲ, ಇನ್ನು ಬ್ಲೇಡಿನ ಪಾಡೇನು? ತೆಂಗಿನೆಣ್ಣೆ ಸವರಿಟ್ಟೆ, ತುಕ್ಕು ಕಡಿಮೆಯಾಯಿತು. ಗಾಜಿನ ಲೋಟದ ಒಳಮೈಗೆ ಬ್ಲೇಡು ಉಜ್ಜಿದರೆ ಹರಿತವಾಗುತ್ತದೆ ಎಂದು ಹಿರಿಯರೊಬ್ಬರು ಹೇಳಿದರು, ಅದನ್ನೂ ಮಾಡಿದೆ. ಒಂದು ಬ್ಲೇಡಿನಲ್ಲಿ ಒಂದು ತಿಂಗಳು ಕಳೆದೆ. ಕೊನೆಕೊನೆಗೆ ಅದು ಕೂದಲನ್ನು ಕತ್ತರಿಸುತ್ತಿರಲಿಲ್ಲ, ಕೀಳುತ್ತಿತ್ತು.

ಇಷ್ಟು ಮೆತ್ತಗಿನ ಕೂದಲು ಉಕ್ಕನ್ನು ಹೇಗೆ ಮೊಂಡು ಮಾಡುತ್ತದೆ? ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ ಇದನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೂದಲು ಬ್ಲೇಡಿನ ಉಕ್ಕಿಗಿಂತ ಸುಮಾರು 50 ಪಟ್ಟು ಮೆದು. ಆದರೂ ಕೂದಲು ಬಾಗಿ, ಅಲಗಿನಲ್ಲಿ ಉಕ್ಕಿನ ರಚನೆ ಒಂದೇ ಸಮನಾಗಿಲ್ಲದ ಜಾಗಕ್ಕೆ ತಾಗಿದರೆ ಅಲ್ಲಿ ಸಣ್ಣ ಚೂರು ಏಳುತ್ತದಂತೆ. ನನ್ನ ಲೋಟ, ಎಣ್ಣೆ ಯಾವುದೂ ಆ ಚೂರನ್ನು ಮರಳಿ ಅಂಟಿಸಲಾರವು.

ಮಗ ನಗುತ್ತಾ ಕೇಳುತ್ತಿದ್ದ. ನಗುವ ಕತೆ ಅಲ್ಲಿಗೆ ಮುಗಿಯಿತು.

ಬ್ಲೇಡು ಬಿಸಾಡಲಿಕ್ಕೆಂದೇ ಹುಟ್ಟಿದ ವಸ್ತು. ಅಮೆರಿಕದ ಕಿಂಗ್ ಜಿಲೆಟ್ ಬಾಟಲಿಯ ಮುಚ್ಚಳ ಮಾರುವ ಕಂಪನಿಯಲ್ಲಿದ್ದವನು. ಜನ ಒಮ್ಮೆ ಬಳಸಿ ಎಸೆದು, ಮತ್ತೆ ಕೊಳ್ಳುವಂಥದ್ದೇನಾದರೂ ಮಾಡಬೇಕೆಂದು ಯೋಚಿಸುತ್ತಿದ್ದವನಿಗೆ 1895ರಲ್ಲಿ ಈ ಉಪಾಯ ಹೊಳೆಯಿತು. 1903ರಲ್ಲಿ ಮಾರಾಟವಾದದ್ದು 51 ರೇಜರ್, 168 ಬ್ಲೇಡು ಅಷ್ಟೇ. ಆಮೇಲೆ ಲೋಕವೆಲ್ಲ ಅದೇ ಆಯಿತು. ಎಸೆದದ್ದು ಎಲ್ಲಿಗೆ ಹೋಗಬೇಕು? ಅಲ್ಲಿನ ಹಳೆಯ ಮನೆಗಳಲ್ಲಿ ಬಚ್ಚಲಿನ ಕನ್ನಡಿ ಕಪಾಟಿನ ಹಿಂದೆ ಒಂದು ಸೀಳು ಬಿಡುತ್ತಿದ್ದರು. ಹಳೇ ಬ್ಲೇಡು ಅದರಲ್ಲಿ ತೂರಿದರೆ ಗೋಡೆಯ ಪೊಳ್ಳಿಗೆ ಬೀಳುತ್ತಿತ್ತು. ಈಗಲೂ ಗೋಡೆ ಒಡೆದರೆ ರಾಶಿ ರಾಶಿ ಸಿಗುತ್ತವೆ.

ನಮ್ಮ ಮನೆಯಲ್ಲಿ ಸೀಳಿರಲಿಲ್ಲ, ಹಿತ್ತಿಲಿತ್ತು. ಒಂದಿಷ್ಟು ಹಳೇ ಬ್ಲೇಡು ಪೆನ್ಸಿಲ್ ಚೂಪು ಮಾಡಲಿಕ್ಕೆ, ಹೊಲಿಗೆ ಬಿಚ್ಚಲಿಕ್ಕೆ, ಮಲ್ಲಿಗೆ ಕಟ್ಟುವ ಬಾಳೆನಾರು ಕತ್ತರಿಸಲಿಕ್ಕೆ ಹೋಗುತ್ತಿತ್ತು. ಉಳಿದದ್ದನ್ನು ನಾನು ಬಚ್ಚಲ ಕಿಟಕಿಯಿಂದ ತೆಂಗಿನ ಬುಡಕ್ಕೆ ಎಸೆಯುತ್ತಿದ್ದೆ. ಮಣ್ಣಿನಲ್ಲಿ ತುಕ್ಕು ಹಿಡಿದು ಹೋಗುತ್ತದೆ ಎಂಬ ಲೆಕ್ಕ. ಆದರೆ ಈಗಿನ ಬ್ಲೇಡು ಸ್ಟೇನ್‌ಲೆಸ್ ಉಕ್ಕಿನದು; ಬೇಗ ತುಕ್ಕು ಹಿಡಿಯಬಾರದೆಂದೇ ಹಾಗೆ ಮಾಡಿದ್ದು.

ತೋಟದ ಕೆಲಸಕ್ಕೆ ಬರುವ ಅಕ್ಕ ಒಂದು ದಿನ ದರಕು ಗುಡಿಸಿ, ಎರಡೂ ಕೈಯಲ್ಲಿ ಬಾಚಿ ಹೆಡಿಗೆಗೆ ತುಂಬುತ್ತಿದ್ದರು. "ಅಯ್ಯೋ" ಎಂದದ್ದು ಒಂದೇ ಸಲ. ನಾನು ಓಡಿ ಹೋದಾಗ ಬಲಗೈಯ ತೋರುಬೆರಳಿನಿಂದ ರಕ್ತ ಸುರಿಯುತ್ತಿತ್ತು. ಪಟಿಕ ತಂದೆ, ಅದರಿಂದ ಆಗುವ ಗಾಯವಾಗಿರಲಿಲ್ಲ. ಭಟ್ಕಳಕ್ಕೆ ಕರೆದುಕೊಂಡು ಹೋಗಿ ಹೊಲಿಗೆ ಹಾಕಿಸಿ, ಟಿಟಿ ಇಂಜೆಕ್ಷನ್ ಕೊಡಿಸಿದೆ.

ಅದು ಮಲ್ಲಿಗೆಯ ಕಾಲ. ಅಕ್ಕ ಬೆಳಗಿನ ಜಾವ ಮೊಗ್ಗು ಕೊಯ್ದು, ಕಟ್ಟಿ, ಆಮೇಲೆ ತೋಟದ ಕೆಲಸಕ್ಕೆ ಬರುವವರು. ಮೊಗ್ಗು ಚಿವುಟುವುದೂ ನಾರು ಬಿಗಿಯುವುದೂ ಅದೇ ಬೆರಳು. ಎರಡು ವಾರ ಎರಡೂ ಕೆಲಸ ನಿಂತಿತು. ಕೂಲಿ ಕೊಡಲು ಹೋದೆ. "ಅದೆಲ್ಲ ಎಂತಕ್ಕೆ ತಮ್ಮಾ? ನೀನೇನು ಬೇಕಂತ ಹಾಕಿದ್ಯಾ?" ಎಂದರು. ಒತ್ತಾಯ ಮಾಡಿ ಕೊಟ್ಟೆ. ಆದರೆ ನಾನು ಬೇಕಂತಲೇ ಹಾಕಿದ್ದೆ. ಕಿಟಕಿಯಾಚೆ ಯಾರ ಕೈ ಬರುತ್ತದೆ ಎಂದು ಮಾತ್ರ ಯೋಚಿಸಿರಲಿಲ್ಲ.

ಆ ವಾರ ತೆಂಗಿನ ಬುಡವನ್ನು ಕೊಕ್ಕೆಯಿಂದ ಕೆದಕಿ, ಅಯಸ್ಕಾಂತ ಆಡಿಸಿ ಹುಡುಕಿದೆ. ಹತ್ತೊಂಬತ್ತು ಬ್ಲೇಡು ಸಿಕ್ಕವು. ಎಲ್ಲವೂ ಸಿಕ್ಕವೆಂದು ಹೇಳಲಾರೆ.

ಅಂದಿನಿಂದ ಬಚ್ಚಲಲ್ಲಿ ಒಂದು ಹಾಲುಪುಡಿ ಡಬ್ಬ ಇದೆ. ಮುಚ್ಚಳ ಗಟ್ಟಿಯಾಗಿ ಅಂಟಿಸಿ, ಬ್ಲೇಡು ತೂರುವಷ್ಟೇ ಸೀಳು ಮಾಡಿದ್ದೇನೆ. ಹೊರಗೆ ದೊಡ್ಡದಾಗಿ 'ಬ್ಲೇಡ್' ಎಂದು ಬರೆದಿದೆ. ಬ್ಲೇಡಿನ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಡಬ್ಬ ತುಂಬಲು ವರ್ಷಗಳೇ ಬೇಕು. ತುಂಬಿದ ಮೇಲೆ ಸೀಳನ್ನೂ ಮುಚ್ಚಿ, ಒಳಗೇನಿದೆ ಎಂದು ಹೇಳಿಯೇ ಗುಜರಿಯವರಿಗೆ ಕೊಡಬೇಕು. ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದರೆ ಸಾಲದು. ಒದ್ದೆಯಾದ ಕಾಗದವನ್ನು ಬ್ಲೇಡು ಸೀಳಿಕೊಂಡು ಬರುತ್ತದೆ. ನಿಮ್ಮ ಮನೆಯಲ್ಲೂ ಇಂಥ ಡಬ್ಬವೊಂದಿರಲಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ.

ಮಗನ ಮೊದಲ ಶೇವಿಂಗ್ ಆಯಿತು. ಬಿಸಿನೀರು, ನೊರೆ, ಮೂವತ್ತು ಡಿಗ್ರಿ ಓರೆ, ಕೂದಲಿನ ದಿಕ್ಕಿಗೇ ಎಳೆತ, ಕೈಯ ಭಾರವಿಲ್ಲ. ಮೂಗಿನ ಕೆಳಗೆ ಒಂದೇ ಗೀರು. ಪಟಿಕಕ್ಕೆ "ಹಾ" ಎಂದು ಕುಣಿದ. ಆಮೇಲೆ ಬ್ಲೇಡು ಬಿಚ್ಚಿ ತಾನೇ ಡಬ್ಬಕ್ಕೆ ಹಾಕಿದ.

"ಅಕ್ಕನ ಬೆರಳು ಈಗ ಸರಿ ಉಂಟಲ್ಲ ಅಪ್ಪಾ?" ಎಂದು ಕೇಳಿದ. ಸರಿ ಉಂಟು, ಮಲ್ಲಿಗೆ ಕಟ್ಟುತ್ತಾರೆ. ಆದರೆ ನಮ್ಮ ಹಿತ್ತಿಲಿಗೆ ಬಂದಾಗ ಈಗಲೂ ದರಕಿಗೆ ಕೈ ಹಾಕುವ ಮೊದಲು ಒಂದು ಕೋಲು ಹುಡುಕುತ್ತಾರೆ.