ಐದ ಹಾಕ್ರಿ, ಪಾಪ ದೂರದಿಂದ ಬಂದೀರಿ

ಹೋದ ಬ್ಯಾಸಿಗಿಯ ಮಾತು. ಬನಹಟ್ಟಿಯ ನಮ್ಮ ಓಣಿಯ ಮಗ್ಗದ ಶೆಡ್ಡಿಗೆ ನಾಲ್ಕು ಹುಡುಗರು, ಜೊತೆಗೊಬ್ಬರು ಸರ್ ಬಂದಿದ್ದರು. ಯಾವ ಕಾಲೇಜು ಅಂತ ಹೇಳೋದಿಲ್ಲ, ಹೇಳಿದರೆ ಉಳಿದ ಕಾಲೇಜಿನವರು ತಾವು ಪಾರಾದೆವು ಅಂದುಕೊಂಡಾರು. ಕೈಯಲ್ಲಿ ಪ್ರಶ್ನಾವಳಿ. 'ನಿಮ್ಮ ಮಗ್ಗದ ವಿನ್ಯಾಸದ ಕುರಿತು ನಿಮ್ಮ ಸಂತೃಪ್ತಿಯ ಮಟ್ಟವನ್ನು ಒಂದರಿಂದ ಐದರವರೆಗೆ ಸೂಚಿಸಿ' ಅನ್ನೋದು ಮೊದಲನೇ ಪ್ರಶ್ನೆ. ಮಗ್ಗಗಳೆಲ್ಲ ಒಮ್ಮೆಲೇ ಬಡೀತಿರೋ ಶೆಡ್ಡಿನಾಗ ಆ ಹುಡುಗ ಇದನ್ನ ಮೂರು ಸಲ ಒದರಿದ. ನಮ್ಮ ಜಾಬರ್ ಕಾಕಾ, ಅಂದರೆ ಮಗ್ಗ ಕೆಟ್ಟರೆ ಸರಿ ಮಾಡಾಂವ, ಅರವತ್ತು ದಾಟಿದಾಂವ, ಕಿವಿಗೆ ಕೈ ಹಚ್ಚಿ ಕೇಳಿಸಿಕೊಂಡು, "ಐದ ಹಾಕ್ರಿ ತಮ್ಮಾ, ಪಾಪ ಇಷ್ಟ ದೂರದಿಂದ ಬಂದೀರಿ" ಅಂದ.

ಆ ಐದು ಈಗ ಒಂದು ಪೇಪರಿನ ಬಾರ್ ಚಾರ್ಟಿನಲ್ಲಿ ನೀಲಿ ಕಂಬವಾಗಿ ನಿಂತಿದೆ. ನಾನೇ ಕಣ್ಣಾರೆ ನೋಡಿದ್ದೇನೆ.

ಅವರ ಸಂಶೋಧನೆ ಏನಪ್ಪಾ ಅಂದರೆ, ಹೊಕ್ಕಿನ ನೂಲು ಹರಿದ ಕೂಡಲೇ ಮಗ್ಗ ನಿಲ್ಲಿಸುವ ಸೆನ್ಸರು. 'ಸ್ಥಳೀಯ ಮಗ್ಗಗಳಲ್ಲಿ ಇಂಥ ವ್ಯವಸ್ಥೆ ಇಲ್ಲ' ಅಂತ ಪೇಪರಿನಲ್ಲಿ ಬರೆದುಕೊಂಡಿದ್ದಾರೆ. ಇದೆ! ಮಗ್ಗದ ಬದಿಗೆ ಸಣ್ಣದೊಂದು ಕಬ್ಬಿಣದ ಫೋರ್ಕು ಇರುತ್ತೆ. ನೂಲು ಇದ್ದರೆ ಅದನ್ನು ಒತ್ತಿ ವಾಲಿಸುತ್ತೆ, ಮಗ್ಗ ಓಡುತ್ತೆ. ನೂಲು ಇಲ್ಲದಿದ್ದರೆ ಫೋರ್ಕಿನ ಕೊಕ್ಕೆ ಸಿಕ್ಕಿ ಮಗ್ಗ ನಿಲ್ಲುತ್ತೆ. ಕಾಕಾ ಅದನ್ನ ಬೇಕಂತಲೇ ದಾರ ಸುತ್ತಿ ಕಟ್ಟಿಹಾಕಿದ್ದ. ಯಾಕೆ ಅಂತ ಆ ಐದು ಮಂದಿಯಲ್ಲಿ ಒಬ್ಬರೂ ಕೇಳಲಿಲ್ಲ. ನಾನು ಕೇಳಿದೆ. "ಈ ಮಗ್ಗ ಹುಟ್ಟಿದ್ದು ದಪ್ಪ ಹತ್ತಿ ನೂಲಿಗೆ. ಈಗ ಓಡಸೋದು ಸಣ್ಣ ಪಾಲಿಯಸ್ಟರ್. ಅದಕ್ಕ ಫೋರ್ಕು ದೂಡೋವಷ್ಟು ತಾಕತ್ತಿಲ್ಲ. ನೂಲ ಇದ್ದರೂ ಮಗ್ಗ ನಿಲ್ಲತಿತ್ತು. ನಿಂತ ಮಗ್ಗಕ್ಕ ಯಾರು ಕೂಲಿ ಕೊಡ್ತಾರ?" ನೇಕಾರನ ಕೂಲಿ ಸೀರೆಯ ಲೆಕ್ಕದಲ್ಲಿ. ಅದಕ್ಕೇ ಆ ದಾರ.

ಹಂಗಂತ ಕಾಕಾ ಋಷಿ ಅಲ್ಲ. ಫೋರ್ಕು ಕಟ್ಟಿದ ಮಗ್ಗದಲ್ಲಿ ನೂಲು ಮುಗಿದರೂ ಲಾಳಿ ಖಾಲಿ ಓಡಿಯೇ ಓಡುತ್ತೆ, ಸೀರೆಯಲ್ಲಿ ಸಂದು ಬೀಳುತ್ತೆ, ಮಾಲಕರು ಅದನ್ನು 'ಸೆಕೆಂಡ್' ಅಂತ ಪಕ್ಕಕ್ಕೆ ಒಗೆದು ಕೂಲಿ ಮುರೀತಾರೆ. ಸುಮ್ಮಸುಮ್ಮನೆ ನಿಲ್ಲುವ ಮಗ್ಗದ ನಷ್ಟ ಹೆಚ್ಚೋ, ಸಂದು ಬಿದ್ದ ಸೀರೆಯ ನಷ್ಟ ಹೆಚ್ಚೋ? ಇದು ಕಾಕಾನಿಗೂ ಗೊತ್ತಿಲ್ಲ. ಅಳೆದು ನೋಡಿದರೆ ಅದೇ ಒಂದು ಪಿಎಚ್‌ಡಿ. ಹುಡುಗರು ಆ ಪ್ರಶ್ನೆಯನ್ನು ಕಾಲಲ್ಲಿ ದಾಟಿಕೊಂಡು ಹೋಗಿ, ತಮ್ಮ ಲ್ಯಾಬಿನಲ್ಲಿ ದಪ್ಪ ನೂಲು ಹಚ್ಚಿ ಸೆನ್ಸರ್ ಪರೀಕ್ಷೆ ಮಾಡಿ ಎರಡನೇ ಬಹುಮಾನ ತಗೊಂಡರು.

ನಾನೂ ಮೆಕ್ಯಾನಿಕಲ್ ಓದಿದವನೇ, ಹಾಗಾಗಿ ಹೊಟ್ಟೆ ಉರಿಯುತ್ತೆ. ಎಂಜಿನಿಯರಿಂಗ್ ವಿನ್ಯಾಸ ಹೇಗೆ ನಡೆಯುತ್ತೆ ಅನ್ನೋದನ್ನೇ ಅಧ್ಯಯನ ಮಾಡುವ ಶಾಸ್ತ್ರವೊಂದು ಜಗತ್ತಿನಲ್ಲಿದೆ. 1962ರಲ್ಲಿ ಲಂಡನ್ನಿನಲ್ಲಿ ಅದರ ಮೊದಲ ದೊಡ್ಡ ಸಮ್ಮೇಳನ ಆಯಿತು. 1977ರಲ್ಲಿ ಜರ್ಮನಿಯ ಪಾಲ್ ಮತ್ತು ಬೈಟ್ಸ್ ಇಡೀ ವಿನ್ಯಾಸ ಕ್ರಮವನ್ನು ಹಂತಹಂತವಾಗಿ ಬರೆದಿಟ್ಟರು. ತಮಾಷೆ ನೋಡಿ: ಈ ಶಾಸ್ತ್ರದ ಆದಿಗ್ರಂಥಗಳಲ್ಲೊಂದು ನಮ್ಮ ದೇಶದ ಹಳ್ಳಿಯೊಂದರ ಮೇಲೆ ನಿಂತಿದೆ. ಕ್ರಿಸ್ಟಫರ್ ಅಲೆಗ್ಸಾಂಡರ್ 1964ರ ತನ್ನ ಪುಸ್ತಕದಲ್ಲಿ ಭಾರತದ ಒಂದು ಹಳ್ಳಿಗೆ ಬೇಕಾದ 141 ಸಂಗತಿಗಳ ಪಟ್ಟಿ ಮಾಡಿ, ಅವನ್ನು ಗಣಿತದಿಂದ ಗುಂಪು ಮಾಡಿ ತೋರಿಸಿದ. ಅದಕ್ಕೂ ಮೊದಲು ಗುಜರಾತಿನ ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಬಂದಿದ್ದ. ಮುಂದೆ 1971ರಲ್ಲಿ, ವಿನ್ಯಾಸ ಮಾಡೋದನ್ನು ಬಿಟ್ಟು ವಿಧಾನವನ್ನಷ್ಟೇ ಓದುವ ಈ ಚಾಳಿಯೇ ಬೇಡ ಅಂತ ಅದೇ ಪುಸ್ತಕದ ಹೊಸ ಮುನ್ನುಡಿಯಲ್ಲಿ ತಿರುಗಿ ಬಿದ್ದ. ನಮ್ಮವರು ಪಟ್ಟಿಯನ್ನಷ್ಟೇ ಕಲಿತರು. ಹಳ್ಳಿಯಲ್ಲಿ ಇದ್ದು ಬಂದದ್ದನ್ನೂ ಕಲಿಯಲಿಲ್ಲ, ತಿರುಗಿ ಬಿದ್ದದ್ದನ್ನೂ ಕಲಿಯಲಿಲ್ಲ.

ದೂರದ ಮಾತು ಬಿಡ್ರಿ, ನಮ್ಮ ಬೆಂಗಳೂರಿಗೇ ಬರೋಣ. ಭಾರತೀಯ ವಿಜ್ಞಾನ ಸಂಸ್ಥೆಯ ಅಮರೇಶ್ ಚಕ್ರವರ್ತಿಯವರು ಲೂಸಿಯೆನ್ ಬ್ಲೆಸಿಂಗ್ ಅವರ ಜೊತೆ 2009ರಲ್ಲಿ ತಂದ 'ಡಿಆರ್‌ಎಂ' ಪುಸ್ತಕ ಇವತ್ತು ಜಗತ್ತಿನಾದ್ಯಂತ ವಿನ್ಯಾಸ ಸಂಶೋಧಕರ ಕೈಪಿಡಿ. ಅದರಲ್ಲಿ ನಾಲ್ಕು ಘಟ್ಟ. ಏನನ್ನು ಹುಡುಕುತ್ತಿದ್ದೇವೆ ಅಂತ ಸ್ಪಷ್ಟ ಮಾಡಿಕೊಳ್ಳೋದು ಮೊದಲನೆಯದು. ಇರೋದನ್ನು ಇದ್ದ ಹಾಗೆ ನೋಡಿ ಅರ್ಥ ಮಾಡಿಕೊಳ್ಳೋದು ಎರಡನೆಯದು. ಉಪಾಯ ಮೂರನೆಯದು. ಆ ಉಪಾಯದಿಂದ ನಿಜಕ್ಕೂ ಏನಾದರೂ ಸುಧಾರಿಸಿತೇ ಅಂತ ಮತ್ತೆ ಹೋಗಿ ನೋಡೋದು ನಾಲ್ಕನೆಯದು. ನಮ್ಮ ಕಡೆಯ ಪ್ರಾಜೆಕ್ಟುಗಳು ನೇರ ಮೂರಕ್ಕೆ ಜಿಗಿದು ಅಲ್ಲೇ ಮುಗೀತಾವೆ. ಪುಸ್ತಕದ ಹೆಸರು ಮಾತ್ರ ಪೇಪರಿನ ಕೊನೆಗೆ ತಪ್ಪದೇ ಇರುತ್ತೆ.

ಈಗಂತೂ ವಿಟಿಯು ಮೊದಲ ವರ್ಷಕ್ಕೇ 'ಇನ್ನೊವೇಷನ್ ಅಂಡ್ ಡಿಸೈನ್ ಥಿಂಕಿಂಗ್' ಅನ್ನೋ ಪಾಠ ತಂದಿದೆ. ಅದರ ಮೊದಲ ಮೆಟ್ಟಿಲು 'ಎಂಪಥಿ', ಇನ್ನೊಬ್ಬರ ಕಷ್ಟವನ್ನು ಅವರ ಜಾಗದಲ್ಲಿ ನಿಂತು ಅರಿಯೋದು. 2022ರ ಸ್ಕೀಮಿನಾಗ ಪರೀಕ್ಷೆ ಹೆಂಗಿತ್ತು? ನಾಲ್ಕು ಉತ್ತರದಲ್ಲಿ ಸರಿಯಾದ್ದಕ್ಕೆ ಗುರುತು ಹಾಕೋದು. ಗೋಡೆಗೆ ಬಣ್ಣಬಣ್ಣದ ಚೀಟಿ ಅಂಟಿಸುವ ಕಾರ್ಯಾಗಾರವೂ ಆಗ್ತಾವೆ, ಮಧ್ಯಾಹ್ನ ಊಟ ಛಲೋ ಇರತೈತಿ.

ಇದನ್ನೆಲ್ಲ ಹೇಳಿದರೆ ಪ್ರಾಧ್ಯಾಪಕ ಗೆಳೆಯರ ಉತ್ತರ ಒಂದೇ: "ಶೆಡ್ಡಿನಲ್ಲಿ ನಡೆಯೋದು ಡಿಸೈನ್ ಅಲ್ಲ, ಜುಗಾಡು." ಈ ಶಬ್ದ ಕೇಳಿದರೆ ನನಗೆ ಮೈ ಉರಿಯುತ್ತೆ. ಮ್ಯೂನಿಕ್ಕಿನವನು ಯಂತ್ರವನ್ನು ನಾಲ್ಕು ಸಲ ತಿದ್ದಿದರೆ ಅದು 'ಇಟರೇಷನ್', ಬನಹಟ್ಟಿಯವನು ನಲವತ್ತು ವರ್ಷ ತಿದ್ದಿದರೆ ಜುಗಾಡು! ಹೊಗಳಿಕೆಯ ಶಾಲು ಹೊದಿಸಿ ಅಧ್ಯಯನದಿಂದ ತಪ್ಪಿಸಿಕೊಳ್ಳುವ ಉಪಾಯ ಇದು. ಬೆಲ್ಲದ ಒಲೆಗೆ ಗಾಳಿ ಎಲ್ಲಿಂದ ಬಿಡಬೇಕು ಅಂತ ಕಣ್ಣಳತೆಯಲ್ಲೇ ಹೇಳುವ ಮುಧೋಳದ ಕಡೆಯವರೂ ಜುಗಾಡಿನವರೇ. ಹಿನ್ನೀರು ಸರಿದಂತೆಲ್ಲ ಪಂಪುಸೆಟ್ಟು ಹೊತ್ತುಕೊಂಡು ಅದರ ಬೆನ್ನು ಹತ್ತುವ ಬೀಳಗಿಯ ರೈತನೂ ಅಷ್ಟೇ.

ಹಂಗಾದರ ಚಿಕ್ಕಪಡಸಲಗಿ ಬ್ಯಾರೇಜೂ ಜುಗಾಡೇನು? ಜಮಖಂಡಿ ತಾಲ್ಲೂಕಿನಲ್ಲಿ ಕೃಷ್ಣಾ ತೀರದ ರೈತರು ಸರ್ಕಾರದ ದುಡ್ಡಿಗೆ ಕಾಯದೆ ತಾವೇ ವಂತಿಗೆ ಹಾಕಿ, ತಾವೇ ಕಲ್ಲು ಮಣ್ಣು ಹೊತ್ತು 1989ರಲ್ಲಿ ನದಿಗೆ ಕಟ್ಟಿದ್ದು. ಹೆಸರು 'ಶ್ರಮಬಿಂದು ಸಾಗರ'. ಮುಂದೆ ನಿಂತ ಸಿದ್ದು ನ್ಯಾಮಗೌಡರು 'ಬ್ಯಾರೇಜ್ ಸಿದ್ದು' ಆದದ್ದು, 1991ರಲ್ಲಿ ರಾಮಕೃಷ್ಣ ಹೆಗಡೆಯವರನ್ನು ಬಾಗಲಕೋಟೆಯಲ್ಲಿ ಸೋಲಿಸಿದ್ದು ಚಹಾದ ಅಂಗಡಿಯಲ್ಲಿ ಕೂತ ಯಾರಾದರೂ ಹೇಳುತ್ತಾರೆ. ಆದರೆ ನದಿಯನ್ನು ಇಲ್ಲೇ ಅಡ್ಡಗಟ್ಟಬೇಕು ಅಂತ ಹೇಗೆ ಗೊತ್ತು ಮಾಡಿದರು? ಎತ್ತರದ ಬಗ್ಗೆ ಯಾರ ಮಾತು ನಡೆಯಿತು? ದುಡ್ಡು ಸಾಲದಾದಾಗ ನಕಾಶೆಯಲ್ಲಿ ಏನನ್ನು ಕೈಬಿಟ್ಟರು, ಏನನ್ನು ಬಿಡಲು ಒಪ್ಪಲಿಲ್ಲ? ಮುಂದೆ ಆಲಮಟ್ಟಿಯ ಹಿನ್ನೀರನ್ನೇ ಪಂಪು ಹಚ್ಚಿ ಎತ್ತಿ ಬ್ಯಾರೇಜಿಗೆ ತುಂಬುವ ವಿಚಾರ ಯಾರ ತಲೆಗೆ ಹೊಳೆಯಿತು? ವಿನ್ಯಾಸ ಶಾಸ್ತ್ರ ಕೇಳಬೇಕಾದ ಪ್ರಶ್ನೆಗಳು ಇವೇ. ನನ್ನ ನಾಲ್ಕು ವರ್ಷದ ಪಠ್ಯದಲ್ಲಿ ಜರ್ಮನಿಯ ಗೇರ್‌ಬಾಕ್ಸ್ ಇತ್ತು, ಬಸ್ಸಿನಲ್ಲಿ ಹೋಗಿ ನೋಡಬಹುದಾದ ಈ ಬ್ಯಾರೇಜು ಇರಲಿಲ್ಲ. ನ್ಯಾಮಗೌಡರು 2018ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ಬುಟ್ಟಿ ಹೊತ್ತ ಹರೆಯದವರಿಗೆ ಈಗ ಮೊಮ್ಮಕ್ಕಳಿದ್ದಾರೆ.

ಕಾಕಾನ ಮಗ ಮಗ್ಗದ ಕೆಲಸ ಕಲಿಯಲಿಲ್ಲ, ಸಕ್ಕರೆ ಕಾರ್ಖಾನೆ ಸೇರಿದ. ಯಾವ ಮಗ್ಗಕ್ಕೆ ಯಾವ ದಾರ ಯಾಕೆ ಕಟ್ಟಿದೆ ಅನ್ನೋದು ಒಬ್ಬನ ತಲೆಯಲ್ಲಿದೆ, ಕಾಗದದ ಮೇಲೆ ಒಂದು ಗೆರೆಯೂ ಇಲ್ಲ.

ಮುಂದಿನ ಬ್ಯಾಚಿನ ಹುಡುಗರು ಬರೋದಾದರೆ ಕರೆಂಟು ಹೋದಾಗ ಬರ್ರಿ. ಆಗ ಮಗ್ಗ ನಿಂತಿರತಾವ, ಕಾಕಾ ಹೊರಗ ಕಟ್ಟಿ ಮ್ಯಾಲ ಕುಂತಿರತಾನ, ಒದರೋದು ಬೇಕಾಗಿಲ್ಲ. ಪ್ರಶ್ನಾವಳಿ ಬಸ್ ಸ್ಟ್ಯಾಂಡಿನಾಗ ಬಿಟ್ಟು ಒಂದು ಖಾಲಿ ವಹಿ ತರ್ರಿ. ಮೊದಲ ಆ ಫೋರ್ಕಿನ ದಾರದ ಬಗ್ಗೆ ಕೇಳ್ರಿ.