ಟೈಂಪಾಸಿಗೂ ಜಾತಿಯುಂಟು

ಟೀ ಅಂಗಡಿ, ಬಸ್‌ಸ್ಟ್ಯಾಂಡು, ಕಾಲೇಜಿನ ಕಟ್ಟೆ, ಶಾಲೆಯ ಸ್ಟಾಫ್ ರೂಮು, ಎಲ್ಲಿ ನಾಲ್ಕು ಜನ ಸೇರಿದರೂ ಈ ನಾಡಿನಲ್ಲಿ ಎರಡೇ ಮಾತು. ಒಂದು ಎಲೆಕ್ಷನ್ನು, ಇನ್ನೊಂದು ಪಿಕ್ಚರ್ರು. ಎಲೆಕ್ಷನ್ ಮಾತು ಬಂದರೆ ಪಕ್ಕದಲ್ಲಿ ಕೂತವನು ಯಾವ ಪೈಕಿ ಅಂತ ನೋಡಿಕೊಂಡು ಹುಷಾರಾಗಿ ಬಾಯಿ ಬಿಡುತ್ತಾರೆ. ಪಿಕ್ಚರ್ ಮಾತಿಗೆ ಆ ಹುಷಾರು ಬೇಕಿಲ್ಲ. ಹೊಟ್ಟೆಯೊಳಗಿನದೆಲ್ಲ ಈಚೆಗೆ ಬರುತ್ತದೆ. ಆದ್ದರಿಂದ ಈ ಸಮಾಜದ ಹೊಟ್ಟೆಯಲ್ಲಿ ಏನಿದೆ ಅಂತ ತಿಳಿಯಬೇಕಾದವರು ‘ಪಿಕ್ಚರ್ ಹೆಂಗಿತ್ತು?’ ಅನ್ನೋ ಪ್ರಶ್ನೆಗೆ ಜನ ಕೊಡುವ ಉತ್ತರವನ್ನು ಕಿವಿಗೊಟ್ಟು ಕೇಳಬೇಕು.

ಉತ್ತರಗಳು ಹೆಚ್ಚಿಲ್ಲ. ‘ಫೈಟಿಂಗ್ ಚೆನ್ನಾಗಿದೆ.’ ‘ಸೆಕೆಂಡ್ ಹಾಫ್ ಬೋರು.’ ‘ಹಳೇ ಪಿಕ್ಚರ್ ಮುಂದೆ ಇವೆಲ್ಲ ಏನ್ ಬಿಡ್ರಿ.’ ಇವುಗಳ ಬಗ್ಗೆ ನಮ್ಮ ತಕರಾರಿಲ್ಲ. ದುಡಿದು ದಣಿದವನು ಎರಡೂವರೆ ಗಂಟೆ ಮೈಮರೆತರೆ ಬೇಡ ಅನ್ನೋದಕ್ಕೆ ನಾವ್ಯಾರು? ನಮ್ಮ ತಕರಾರಿರುವುದು ಇನ್ನೊಂದು ಮಾತಿನ ಬಗ್ಗೆ. ಗುಂಪಿನಲ್ಲಿ ಒಬ್ಬ ಹುಡುಗ ಎದ್ದು, ‘ಅಲ್ಲ ಸಾರ್, ಆ ಪಿಕ್ಚರ್‌ನಲ್ಲಿ ಆಳಿನ ಪಾರ್ಟು ಮಾಡಿದವನಿಗೆ ಹೆಸರೇ ಇಲ್ವಲ್ಲ, ಯಾಕೆ?’ ಅಂತ ಕೇಳಲಿ. ತಕ್ಷಣ ಎಲ್ಲ ದಿಕ್ಕಿನಿಂದಲೂ ಬರುತ್ತದೆ: ‘ಸಿನಿಮಾನ ಸಿನಿಮಾ ಥರ ನೋಡಯ್ಯ, ಅದರಲ್ಲೂ ಜಾತಿ ಯಾಕೆ ತರ್ತೀಯ? ಟೈಂಪಾಸಿಗೆ ನೋಡೋದಪ್ಪ.’

ಈ ಟೈಂಪಾಸಿನ ಬುಡ ನೋಡೋಣ.

2014ರ ಆಗಸ್ಟ್ 28. ಕೊಪ್ಪಳ ಜಿಲ್ಲೆ, ಗಂಗಾವತಿ ತಾಲ್ಲೂಕಿನ ಮರಕುಂಬಿ. ಆ ಊರಿನ ಹೋಟೆಲಿಗೆ, ಕ್ಷೌರದಂಗಡಿಗೆ ದಲಿತರನ್ನು ಸೇರಿಸುತ್ತಿರಲಿಲ್ಲ. ಆ ವಿಚಾರಕ್ಕೆ ಮೊದಲೇ ಊರು-ಕೇರಿಗಳ ನಡುವೆ ಹೊಗೆಯಾಡುತ್ತಿತ್ತು. ಅಷ್ಟರಲ್ಲಿ ಗಂಗಾವತಿಯಲ್ಲಿ ಸಿನಿಮಾ ಟಿಕೆಟ್ಟಿಗೆ ಒಂದು ಜಗಳವಾಯಿತು. ಟಾಕೀಸಿನ ಮುಂದೆ ಎದ್ದ ಜಗಳ ಟಾಕೀಸಿನ ಮುಂದೆಯೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಊರಿನ ಗುಂಪು ಕೇರಿಗೆ ನುಗ್ಗಿತು, ಹೊಡೆಯಿತು, ಗುಡಿಸಲುಗಳಿಗೆ ಬೆಂಕಿ ಇಟ್ಟಿತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮರುತಿಂಗಳೇ ಅವರಲ್ಲಿ ಬಹುತೇಕರಿಗೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು.

ಈಗ ಹೇಳಿ ಸ್ವಾಮಿ, ಸಿನಿಮಾಕ್ಕೆ ಜಾತಿ ತಂದವರು ಯಾರು? ಪ್ರಶ್ನೆ ಕೇಳಿದ ಹುಡುಗನೋ, ಟಿಕೆಟ್ಟಿನ ಜಗಳಕ್ಕೆ ಕೇರಿ ಸುಟ್ಟವರೋ? ಅದೇ ಜಗಳ ಊರಿನ ಇಬ್ಬರು ಗೌಡರ ಮಕ್ಕಳ ನಡುವೆ ಆಗಿದ್ದರೆ ಒಂದು ಕೆನ್ನೆ ಏಟಿಗೆ, ಒಂದು ರಾಜಿ ಪಂಚಾಯ್ತಿಗೆ ಮುಗಿದುಹೋಗುತ್ತಿತ್ತು.

ನೋಡುವ ಹಕ್ಕಿನ ಕತೆ ಇದಾದರೆ, ತೆರೆಯ ಮೇಲೆ ಕಾಣುವ ಹಕ್ಕಿನ ಕತೆ ಇದಕ್ಕಿಂತ ಹಳೆಯದು. 1930ರ ಆಸುಪಾಸಿನಲ್ಲಿ ತಿರುವನಂತಪುರದಲ್ಲಿ ಮಲಯಾಳದ ಮೊಟ್ಟಮೊದಲ ಚಿತ್ರ ‘ವಿಗತಕುಮಾರನ್’ ತೆರೆ ಕಂಡಿತು. ತೆಗೆದವರು ಜೆ.ಸಿ. ಡೇನಿಯಲ್. ಅದರ ನಾಯಕಿ ಪಿ.ಕೆ. ರೋಸಿ, ಪುಲಯರ ಹೆಣ್ಣುಮಗಳು. ಚಿತ್ರದಲ್ಲಿ ಅವಳದು ನಾಯರ್ ಹೆಂಗಸಿನ ಪಾತ್ರ. ಪುಲಯರ ಹುಡುಗಿ ನಾಯರ್ ಹೆಂಗಸಾಗಿ ಸೀರೆ ಉಟ್ಟು ತೆರೆಯ ಮೇಲೆ ನಿಂತದ್ದನ್ನು ಮೇಲ್ಜಾತಿಯ ಪ್ರೇಕ್ಷಕರಿಗೆ ಸಹಿಸಲಾಗಲಿಲ್ಲ. ಪರದೆಗೆ ಕಲ್ಲು ತೂರಿದರು. ಅವಳ ಮನೆಗೆ ಬೆಂಕಿ ಹಚ್ಚಿದರು. ರೋಸಿ ಊರು ಬಿಟ್ಟು ತಮಿಳುನಾಡಿನ ಕಡೆ ಓಡಿಹೋದಳು, ಹೆಸರಿಲ್ಲದೆ ಬದುಕಿದಳು. ಆ ಚಿತ್ರದ ಪ್ರತಿಯೂ ಇವತ್ತು ಉಳಿದಿಲ್ಲ. ನಮ್ಮ ದಕ್ಷಿಣ ದೇಶದಲ್ಲಿ ಸಾಮಾನ್ಯ ಪ್ರೇಕ್ಷಕ ಒಂದು ಸಿನಿಮಾದ ಬಗ್ಗೆ ಕೊಟ್ಟ ಮೊದಮೊದಲ ಅಭಿಪ್ರಾಯಗಳಲ್ಲಿ ಅದೂ ಒಂದು. ಅದು ಬಾಯಿಂದ ಬರಲಿಲ್ಲ, ಕೈಯಿಂದ ಬಂತು.

ಅವರ ಅಭಿಪ್ರಾಯಕ್ಕೆ ಇಷ್ಟು ಬೆಲೆಯಾದರೆ, ನಮ್ಮ ಅಭಿಪ್ರಾಯಕ್ಕೆ ಎಷ್ಟು ಬೆಲೆ ಅನ್ನೋದು ಕರ್ನಾಟಕಕ್ಕೆ 1973ರಲ್ಲೇ ಗೊತ್ತಾಗಿದೆ. ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಅದೇ ಮಾತನ್ನು ಯಾವನೋ ಶಾಸ್ತ್ರಿ ಅಂದಿದ್ದರೆ ನಿಷ್ಠುರ ವಿಮರ್ಶೆ ಅನ್ನಿಸಿಕೊಳ್ಳುತ್ತಿತ್ತು. ಬಸವಲಿಂಗಪ್ಪ ಅಂದದ್ದರಿಂದ ಬೀದಿಯಲ್ಲಿ ಗಲಾಟೆಯಾಯಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಆದ್ದರಿಂದ ‘ಎಲ್ಲರಿಗೂ ಅವರವರ ಅಭಿಪ್ರಾಯ ಇರುತ್ತೆ ಬಿಡಿ’ ಅಂತ ಯಾರಾದರೂ ಸಮಾಧಾನ ಹೇಳಿದರೆ ನಮಗೆ ನಗು ಬರುತ್ತದೆ.

ಇನ್ನು ಹಳೇ ಪಿಕ್ಚರುಗಳ ವಿಚಾರ. ‘ಆಗಿನ ಕಾಲದ ಪಿಕ್ಚರಿನಲ್ಲಿ ನೀತಿ ಇತ್ತು’ ಅನ್ನುವವರೇ ಎಲ್ಲ. ಇತ್ತು, ಇಲ್ಲ ಅನ್ನೋದಿಲ್ಲ. ಆದರೆ ಯಾರಿಗಾಗಿ ಇತ್ತು? 1954ರ ‘ಬೇಡರ ಕಣ್ಣಪ್ಪ’ ತಗೊಳ್ಳಿ. ರಾಜಕುಮಾರ್ ಅವರನ್ನು ನಾಡಿಗೆ ಕೊಟ್ಟ ಚಿತ್ರ. ಬೇಡನ ಭಕ್ತಿ ಪೂಜಾರಿಯ ಮಡಿಗಿಂತ ದೊಡ್ಡದು ಅಂತ ಅದು ಹೇಳಿತು. ಒಳ್ಳೆಯ ಮಾತೇ. ಆದರೆ ಆ ಬೇಡ ಬರೀ ಬೇಡನಾಗಿದ್ದರೆ ಸಾಲದಾಯಿತು, ದೇವಲೋಕದಿಂದ ಶಾಪ ಪಡೆದು ಕೆಳಗೆ ಬಂದವನಾಗಬೇಕಾಯಿತು. ದೇವರಿಗೆ ಕಣ್ಣು ಕಿತ್ತು ಕೊಡುವವನಿಗೂ ಪೂರ್ವಜನ್ಮದ ಸರ್ಟಿಫಿಕೇಟು ಬೇಕು!

1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷದಷ್ಟು ಕಾಲ ಓಡಿತು. ಬರಡು ನೆಲವನ್ನು ಬಂಗಾರ ಮಾಡಿದ ರಾಜೀವನನ್ನು ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಹೋದ ಓದಿದ ಹುಡುಗರ ಕತೆಯನ್ನು ಇವತ್ತಿಗೂ ಹೇಳುತ್ತಾರೆ. ಹೋದರು, ಸಂತೋಷ. ಹಳ್ಳಿಗೆ ವಾಪಸು ಹೋಗಬೇಕಾದರೆ ಹಳ್ಳಿಯಲ್ಲಿ ನೆಲ ಇರಬೇಕಲ್ಲ. ನಮ್ಮಪ್ಪಂದಿರಿಗೆ ಅಲ್ಲಿ ಇದ್ದದ್ದು ಜೀತ, ತೋಟಿತನ, ಸತ್ತ ದನ ಹೊರುವ ಕೆಲಸ. ಅದಕ್ಕೇ ಬಾಬಾಸಾಹೇಬರು 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ನಿಂತು ಹಳ್ಳಿಯನ್ನು ಹಾಡಿ ಹೊಗಳುವವರನ್ನು ತರಾಟೆಗೆ ತಗೊಂಡದ್ದು. ಒಂದೇ ಟಾಕೀಸಿನಲ್ಲಿ ಕೂತು ಒಂದೇ ಹಾಡಿಗೆ ಶಿಳ್ಳೆ ಹಾಕಿದರೂ, ಗಾಂಧಿ ಕ್ಲಾಸಿನವನೂ ಬಾಲ್ಕನಿಯವನೂ ಮನೆಗೆ ಹೋದದ್ದು ಬೇರೆ ಬೇರೆ ಹಳ್ಳಿಗೆ.

‘ಇವೆಲ್ಲ ಕಮರ್ಷಿಯಲ್ಲು, ನೀವು ಕಲಾತ್ಮಕ ಚಿತ್ರ ನೋಡಿ’ ಅಂತ ಓದಿದವರು ಹೇಳುತ್ತಾರೆ. ನೋಡೋಣ. 1970ರ ‘ಸಂಸ್ಕಾರ’. ಪಟ್ಟಾಭಿರಾಮ ರೆಡ್ಡಿ ತೆಗೆದದ್ದು. ಸೆನ್ಸಾರಿನವರು ಮೊದಲು ತಡೆದರು, ಆಮೇಲೆ ಬಿಟ್ಟರು, ಕೊನೆಗೆ ರಾಷ್ಟ್ರಪತಿಗಳ ಚಿನ್ನದ ಪದಕವೂ ಬಂತು. ಅಗ್ರಹಾರದ ಕೊಳಕನ್ನು ಅಗ್ರಹಾರದವರ ಮುಂದೆಯೇ ಹರವಿದ ಧೈರ್ಯಕ್ಕೆ ನಮ್ಮ ಗೌರವವಿದೆ. ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ ತುರ್ತುಪರಿಸ್ಥಿತಿಯಲ್ಲಿ ಜೈಲು ಸೇರಿ, ಅಲ್ಲಿ ಹಾಳಾದ ಆರೋಗ್ಯದಿಂದಲೇ 1977ರ ಜನವರಿಯಲ್ಲಿ ತೀರಿಕೊಂಡರು. ಅವರನ್ನು ಮರೆಯುವ ಹಾಗಿಲ್ಲ. ಆದರೆ ಈ ಚಿತ್ರದ ಬಗ್ಗೆ ಐವತ್ತು ವರ್ಷದಿಂದ ನಡೆಯುತ್ತಿರುವ ಮಾತನ್ನು ನೋಡಿ: ಪ್ರಾಣೇಶಾಚಾರ್ಯರ ದ್ವಂದ್ವ, ಪ್ರಾಣೇಶಾಚಾರ್ಯರ ಬಿಕ್ಕಟ್ಟು, ಪ್ರಾಣೇಶಾಚಾರ್ಯರ ಹುಡುಕಾಟ. ಒಬ್ಬ ಬ್ರಾಹ್ಮಣನ ಹೆಣ ಸುಡುವವರ್ಯಾರು ಅನ್ನೋದೇ ದೊಡ್ಡ ಪ್ರಶ್ನೆ. ಕಾದಂಬರಿಯಲ್ಲಿ ಅದೇ ಹೊತ್ತಿಗೆ ಹೊಲಗೇರಿಯಲ್ಲೂ ಹೆಣ ಬೀಳುತ್ತವೆ. ಬೆಳ್ಳಿಯ ಅಪ್ಪ ಅವ್ವ ಸತ್ತರೆ ಗುಡಿಸಲಿನ ಸಮೇತ ಬೆಂಕಿ ಇಟ್ಟು ಮುಗಿಸುತ್ತಾರೆ. ಅಲ್ಲಿ ಶಾಸ್ತ್ರವಿಲ್ಲ, ಮಠವಿಲ್ಲ, ದ್ವಂದ್ವವೂ ಇಲ್ಲ. ಆ ಹೆಣಗಳ ಬಗ್ಗೆ ಎಷ್ಟು ಸೆಮಿನಾರುಗಳಲ್ಲಿ ಎಷ್ಟು ಮಾತು ಬಂದಿದೆ, ಮೇಷ್ಟ್ರುಗಳೇ ಎಣಿಸಿ ನೋಡಲಿ.

‘ಚೋಮನ ದುಡಿ’ ಇನ್ನೂ ಮುಖ್ಯ. ಶಿವರಾಮ ಕಾರಂತರ ಕಾದಂಬರಿ 1933ರದು, ಬಿ.ವಿ. ಕಾರಂತರ ಚಿತ್ರ 1975ರದು. ಸ್ವರ್ಣಕಮಲ ಬಂತು, ಚೋಮನಾದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಜೋಡಿ ಎತ್ತು ಕಟ್ಟಿಕೊಂಡ ಚೋಮನಿಗೆ ಉಳೋಕೆ ಒಂದು ತುಂಡು ನೆಲ ಬೇಕು. ಹೊಲೆಯ ಅನ್ನೋ ಒಂದೇ ಕಾರಣಕ್ಕೆ ನೆಲ ಸಿಗೋದಿಲ್ಲ. ಮಗ ನೀರಲ್ಲಿ ಮುಳುಗುತ್ತಿದ್ದರೆ ದಡದ ಮೇಲಿನವರು ಮೈಲಿಗೆಗೆ ಹೆದರಿ ಕೈ ಚಾಚೋದಿಲ್ಲ. ನೋಡಿದವರೆಲ್ಲ ಕಣ್ಣು ಒರೆಸಿಕೊಂಡರು. ಆದರೆ ವರ್ಷ ಗಮನಿಸಿ. ರಾಜ್ಯದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚಿಯಲ್ಲಿ ಜಾರಿಗೆ ಬಂದಿತ್ತು. ಚಿತ್ರ ಬಂದ ಹೊತ್ತಿಗೆ ಗೇಣಿದಾರರು ಭೂ ನ್ಯಾಯಮಂಡಳಿಗೆ ಅರ್ಜಿ ಹಾಕುತ್ತಿದ್ದರು. ಉಳುವವನೇ ಹೊಲದೊಡೆಯ ಅಂತ ಘೋಷಣೆ. ಚೋಮನಿಗೆ ಉಳೋಕೇ ಬಿಟ್ಟಿರಲಿಲ್ಲವಲ್ಲ! ಅವನು ಗೇಣಿದಾರನೂ ಅಲ್ಲ, ಜೀತದಾಳು. ಅವನು ಯಾವ ಫಾರಂ ತುಂಬಬೇಕಿತ್ತು? ಟಾಕೀಸಿನಿಂದ ಕಣ್ಣೊರೆಸಿಕೊಂಡು ಈಚೆ ಬಂದವರಲ್ಲಿ ಜಮೀನಿದ್ದವರು ಇರಲಿಲ್ಲವೇ? ಅಳುವವರಿಗೆ ಚೋಮ ಬೇಕು. ದುಡಿ ಬಡಿಯುತ್ತ ಸಾಯುವ ಚೋಮ ಬೇಕು. ಪಹಣಿ ಹಿಡಿದು ತಾಲ್ಲೂಕು ಆಫೀಸಿನ ಮುಂದೆ ಧರಣಿ ಕೂತ ಚೋಮ ಬಂದರೆ, ‘ಇವರದು ಅತಿಯಾಯ್ತು ಕಣ್ರೀ’ ಅನ್ನುತ್ತಾರೆ.

ಹೊಸ ಪಿಕ್ಚರುಗಳಿಗೆ ಬರೋಣ. 2022ರ ‘ಕಾಂತಾರ’ ನೋಡಿ ಮೈ ಜುಮ್ಮೆಂದಿತು ಅಂತ ಹೇಳದವರಿಲ್ಲ. ನಮಗೂ ಜುಮ್ಮೆಂದಿದೆ. ಆದರೆ ಆಮೇಲೆ? ದೈವ ಕಟ್ಟುವವರು ಪಂಬದರು, ಪರವರು, ನಲಿಕೆಯವರು. ರಾತ್ರಿಯಿಡೀ ಗುತ್ತಿನ ಯಜಮಾನನೂ ಕೈ ಮುಗಿದು ನಿಲ್ಲುತ್ತಾನೆ. ಬೆಳಗಾಗಿ ಬಣ್ಣ ತೊಳೆದ ಮೇಲೆ ಆ ಮನುಷ್ಯ ನಿಲ್ಲಬೇಕಾದ ಜಾಗ ಅಂಗಳವೇ. ಪಿಕ್ಚರ್ ಗೆದ್ದ ಮೇಲೆ ಸರ್ಕಾರ ಅರವತ್ತು ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನ ಘೋಷಿಸಿತು. ಅದೂ ಬೇಕು. ಆದರೆ ಕತೆಯ ಒಳಗಿದ್ದ ಪ್ರಶ್ನೆ ನೆಲದ್ದು. ಒಡೆಯ ಕೊಟ್ಟ ನೆಲವನ್ನು ಒಡೆಯನ ಕುಲದವನು ಕಿತ್ತುಕೊಳ್ಳಲು ಬರುತ್ತಾನೆ, ಅರಣ್ಯ ಇಲಾಖೆ ಬೇಲಿ ಹಾಕಲು ಬರುತ್ತದೆ. ಅದನ್ನು ಬಗೆಹರಿಸಲು ದೈವವೇ ಮೈಮೇಲೆ ಬರಬೇಕಾಯಿತು. ದೈವ ಬಾರದ ಊರುಗಳಲ್ಲಿ ಏನು ಮಾಡೋದು? 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಕೊಟ್ಟು ಹಕ್ಕುಪತ್ರಕ್ಕೆ ಅಲೆಯುವ ಆದಿವಾಸಿಯ ಬಗ್ಗೆ, ಅದೇ ಕೂಗು ಕೂಗಿದ ಎಷ್ಟು ಜನ ವಿಚಾರಿಸಿದರು?

2021ರ ‘ಜೈ ಭೀಮ್’ ನೋಡಿ ಅತ್ತವರು, ‘ಅಯ್ಯೋ ತಮಿಳುನಾಡಲ್ಲಿ ಹಿಂಗೆಲ್ಲ ಇದ್ಯಾ?’ ಅಂದರು. ಅದು 1993ರಲ್ಲಿ ನಡೆದ ಲಾಕಪ್ ಕೊಲೆಯ ಕತೆ. ವಕೀಲ ಚಂದ್ರು ಮುಂದೆ ಮದರಾಸು ಹೈಕೋರ್ಟಿನ ನ್ಯಾಯಮೂರ್ತಿಯಾದರು. ಇಲ್ಲಿ 2000ದ ಮಾರ್ಚಿಯಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು, ಆರೋಪಿಗಳು ಖುಲಾಸೆಯಾದರು. ತಮಿಳುನಾಡಿನ ಕಣ್ಣೀರು ಅಗ್ಗ, ಯಾಕೆಂದರೆ ಅಲ್ಲಿನ ಆರೋಪಿ ನಮ್ಮ ನೆಂಟನಲ್ಲ. 2018ರಲ್ಲಿ ಧಾರಾವಿಯ ನೆಲದ ಹಕ್ಕಿನ ಮಾತಾಡಿದ ‘ಕಾಲಾ’ ಬಂದಾಗ ನಮ್ಮಲ್ಲಿ ಎದ್ದ ಗಲಾಟೆ ಕಾವೇರಿಯದು. ನೆಲದ ಮಾತು ನೀರಿನ ಗಲಾಟೆಯಲ್ಲಿ ಕೊಚ್ಚಿಹೋಯಿತು. 2016ರ ಮರಾಠಿ ‘ಸೈರಾಟ್’ನ ಹಾಡಿಗೆ ನಮ್ಮ ಮದುವೆ ಮೆರವಣಿಗೆಗಳು ಇಂದಿಗೂ ಕುಣಿಯುತ್ತವೆ. ಜಾತಿ ಮೀರಿದ ಮದುವೆಗೆ ಕೊರಳು ಕೊಯ್ದ ಕತೆಯ ಹಾಡು, ಜಾತಿಯೊಳಗಿನ ಮದುವೆಗೆ ಡ್ಯಾನ್ಸು!

ನಮ್ಮ ಹುಡುಗರಿಗೂ ಒಂದು ಮಾತು. ಕಟೌಟಿಗೆ ಹಾಲು ಸುರಿಯಲು ಮೊದಲು ಏಣಿ ಹತ್ತುವವರು ನೀವು, ಸ್ಟಾರಿಗಾಗಿ ಲಾಠಿ ತಿನ್ನುವವರು ನೀವು. ಆ ಹಾಲು ಕುಡಿಯದ ಮಗು ನಿಮ್ಮ ಕೇರಿಯಲ್ಲೇ ಇದೆ. ಆ ಟಾಕೀಸೂ ಈಗ ನಿಮ್ಮ ಕೈ ತಪ್ಪುತ್ತಿದೆ. 2024ರ ಜುಲೈಯಲ್ಲಿ ಮಗನ ಜೊತೆ ಪಿಕ್ಚರ್ ನೋಡಲು ಬೆಂಗಳೂರಿನ ಮಾಲಿಗೆ ಬಂದ ಹಾವೇರಿ ಕಡೆಯ ರೈತನನ್ನು, ಪಂಚೆ ಉಟ್ಟಿದ್ದಾನೆ ಅಂತ ಬಾಗಿಲಲ್ಲೇ ತಡೆದರು. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು. ಆ ವರ್ಷ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ದಿನಗೂಲಿ 370 ರೂಪಾಯಿ. ಗಂಡ, ಹೆಂಡತಿ, ಎರಡು ಮಕ್ಕಳು 200ರ ಲೆಕ್ಕದಲ್ಲೇ ಹೋದರೂ ಎರಡು ದಿನದ ಕೂಲಿ ಸಾಲದು. ಒಂದು ಕಾಲದಲ್ಲಿ ಟೆಂಟಿನಲ್ಲಿ ಮಣ್ಣಿನ ಮೇಲಾದರೂ ಜಾಗವಿತ್ತು.

ಹಾಗಾದರೆ ಪಿಕ್ಚರ್ ನೋಡೋದು ಬಿಡೋಣವೇ? ಬೇಡ. ನಿಷೇಧ, ಬಹಿಷ್ಕಾರ ಅವರ ಕಸುಬು. ನಾವು ನೋಡೋಣ, ನೋಡಿ ಬಾಯಿ ಬಿಡೋಣ. ಹಳ್ಳಿ ಶಾಲೆಯ ಮೇಷ್ಟ್ರೇ, ಮಕ್ಕಳು ಹಿಂದಿನ ರಾತ್ರಿ ಟಿ.ವಿ.ಯಲ್ಲಿ ನೋಡಿದ ಪಿಕ್ಚರಿನ ಕತೆ ಹೇಳುತ್ತಾರಲ್ಲ, ಆಗ ಬೈಯಬೇಡಿ. ಕೇಳಿ: ಹೀರೋ ಉಣ್ಣುವ ಅನ್ನ ಬೆಳೆದವರು ಯಾರು? ನೆಲ ಯಾರದು? ಆಳಿನ ಹೆಸರೇನು? ಯಾರನ್ನು ನೋಡಿ ಎಲ್ಲರೂ ನಕ್ಕರು, ಅವನ ಮೈಬಣ್ಣ ಯಾವುದು? ಇಷ್ಟು ಕೇಳಿದರೆ ಸಾಕು, ಎಂಟು ವರ್ಷದ ಮಗು ನಿಮ್ಮ ವಿಮರ್ಶಕರಿಗಿಂತ ಚೆನ್ನಾಗಿ ಉತ್ತರ ಹೇಳುತ್ತದೆ. ವಿದ್ಯಾರ್ಥಿ ಗೆಳೆಯರೇ, ಹಾಸ್ಟೆಲಿನಲ್ಲಿ ವಾರಕ್ಕೊಂದು ಪಿಕ್ಚರ್ ಹಾಕಿ, ಮುಗಿದ ಮೇಲೆ ದೀಪ ಆರಿಸಿ ಮಲಗಬೇಡಿ, ಒಂದು ಗಂಟೆ ಜಗಳ ಆಡಿ. ಜಾತಿ ಯಾಕೆ ತರ್ತೀಯ ಅಂದವನಿಗೆ ಮರಕುಂಬಿಯ ಹೆಸರು ಹೇಳಿ.

ನಾಗರಾಜ ಮಂಜುಳೆಯವರ ‘ಫಂಡ್ರಿ’ಯಲ್ಲಿ ಹಂದಿ ಹಿಡಿಯುವ ಕೈಕಾಡಿ ಮನೆಯ ಹುಡುಗ ಜಬ್ಯಾ ಇದ್ದಾನೆ. ಅಪ್ಪ, ಅಮ್ಮ, ಅಕ್ಕಂದಿರು ಹಂದಿಯ ಹಿಂದೆ ಓಡುತ್ತಿದ್ದರೆ ಊರು ನಿಂತು ನೋಡುತ್ತದೆ, ಕೇಕೆ ಹಾಕಿ ನಗುತ್ತದೆ. ಅವರಿಗೆ ಅದು ಟೈಂಪಾಸು. ಹಿಡಿದ ಹಂದಿಯನ್ನು ಹೊತ್ತು ಸಾಗುವಾಗ ಶಾಲೆಯ ಗೋಡೆಯ ಮೇಲೆ ಬಾಬಾಸಾಹೇಬರು, ಫುಲೆ, ಸಾವಿತ್ರಿಬಾಯಿ ನೋಡುತ್ತಿದ್ದಾರೆ. ಕೊನೆಗೆ ಜಬ್ಯಾ ಒಂದು ಕಲ್ಲು ಎತ್ತಿ ಬೀಸುತ್ತಾನೆ. ಅದು ನೇರ ನೋಡುವವರ ಮುಖಕ್ಕೇ ಬರುತ್ತದೆ. ರೋಸಿಯ ಕಾಲದಲ್ಲಿ ಪ್ರೇಕ್ಷಕರು ಪರದೆಗೆ ಹೊಡೆದ ಕಲ್ಲು ಎಂಬತ್ತು ವರ್ಷದ ಮೇಲೆ ಪರದೆಯಿಂದ ವಾಪಸು ಬಂದಿದೆ.

ಆ ಕಲ್ಲು ಬಿದ್ದ ಮೇಲೂ ‘ಪಿಕ್ಚರ್ ಹೆಂಗಿತ್ತು?’ ಅಂದರೆ ‘ಟೈಂಪಾಸು’ ಅನ್ನುವವರು ಇರುತ್ತಾರೆ. ಅವರ ಪಕ್ಕದ ಬೆಂಚಿನಲ್ಲೇ ನಾವೂ ಕೂರೋಣ, ಅವರು ಟೀ ಮುಗಿಸಿ ಏಳುವವರೆಗೂ ಕೇಳುತ್ತಲೇ ಇರೋಣ.